ವಿಶ್ವವಿದ್ಯಾಲಯದ ಲೈಬ್ರರಿ ಲಾಗಿನ್: ಐದು ವರ್ಷ ಬಳಸಿದ ಮೇಲೆ

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. 2020ರ ಜನವರಿಯಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದೆ. ವಿಷಯ ಹಾಸನ ಸೀಮೆಯ ಹಳೆಯ ಕೆರೆಗಳು. ಯಾರು ಕಟ್ಟಿಸಿದರು, ಯಾರು ನೋಡಿಕೊಂಡರು, ಕಟ್ಟಿಸಿದವರಿಗೆ ಏನು ಸಿಕ್ಕಿತು ಅನ್ನುವುದು. ನಮ್ಮ ಊರಿಂದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಮೂರು ಗಂಟೆ. ಹಾಗಾಗಿ ಲೈಬ್ರರಿಯನ್ನು ನಾನು ಜಾಸ್ತಿ ಬಳಸಿದ್ದು ಮನೆಯಲ್ಲಿ, ರಾತ್ರಿ ಊಟ ಆದ ಮೇಲೆ, ಲ್ಯಾಪ್‌ಟಾಪ್ ಮುಂದೆ ಕೂತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಡಿಮೆ ಮಾಡಿದೆ ಅನ್ನುವುದನ್ನೂ ಹೇಳುತ್ತೇನೆ.

ಸೇರಿದ ಎರಡೇ ತಿಂಗಳಿಗೆ ಕೊರೊನಾ ಬಂತು. ಲೈಬ್ರರಿಗೆ ಬೀಗ ಬಿತ್ತು. ಅಲ್ಲಿವರೆಗೆ ನನಗೆ ಗೊತ್ತಿದ್ದದ್ದು ಒಂದೇ: ಕ್ಯಾಂಪಸ್ಸಿನ ವೈಫೈಯಲ್ಲಿದ್ದರೆ ಜರ್ನಲ್‌ಗಳು ತಾವಾಗಿಯೇ ತೆರೆಯುತ್ತವೆ, ಗೇಟು ದಾಟಿದರೆ ಹಣ ಕೇಳುತ್ತವೆ. ಮನೆಯಿಂದಲೂ ಓದುವ ದಾರಿ ಇದೆ ಅಂತ ಲೈಬ್ರರಿಯವರು ಫೋನಿನಲ್ಲಿ ಹೇಳಿದ ಮೇಲೆಯೇ ತಿಳಿದದ್ದು. ಅದರ ಹೆಸರು ಇನ್‌ಫೆಡ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ವ್ಯವಸ್ಥೆ. ಜರ್ನಲ್‌ನ ಪುಟದಲ್ಲಿ 'ಸಂಸ್ಥೆಯ ಮೂಲಕ ಲಾಗಿನ್' ಅಂತ ಇರುತ್ತದೆ. ಅದನ್ನು ಒತ್ತಿ, ನಿಮ್ಮ ವಿಶ್ವವಿದ್ಯಾಲಯವನ್ನು ಆರಿಸಿ, ಲೈಬ್ರರಿ ಕೊಟ್ಟ ಹೆಸರು, ಪಾಸ್‌ವರ್ಡ್ ಹಾಕಿದರೆ ಆಯಿತು. ಹೊಸದಾಗಿ ಸೇರಿದವರು ಫೀಸು ಕಟ್ಟಿದ ದಿನವೇ ಲೈಬ್ರರಿಗೆ ಹೋಗಿ ಇದನ್ನು ಮಾಡಿಸಿಕೊಳ್ಳಿ. ನಮಗೆ ಯಾರೂ ಮುಂದಾಗಿ ಹೇಳಲಿಲ್ಲ. ನನ್ನ ಜೊತೆ ಸೇರಿದ ಇಬ್ಬರು ಎರಡನೇ ವರ್ಷದವರೆಗೂ ಒಂದೊಂದು ಲೇಖನಕ್ಕೂ ಬಸ್ ಹತ್ತುತ್ತಿದ್ದರು.

ಇಂಗ್ಲಿಷ್ ಜರ್ನಲ್‌ಗಳ ವಿಷಯದಲ್ಲಿ ನನ್ನದು ಪೂರ್ತಿ ಸಂತೋಷ. ನನಗೆ ತುಂಬಾ ಬೇಕಾಗಿದ್ದದ್ದು ಇಂಡಿಯನ್ ಎಕನಾಮಿಕ್ ಅಂಡ್ ಸೋಶಿಯಲ್ ಹಿಸ್ಟರಿ ರಿವ್ಯೂ. ಅದು 1963ರಿಂದ ಬರುತ್ತಿದೆ, ಈಗ ಸೇಜ್ ಪ್ರಕಟಣೆ. ಅಡುಗೆಮನೆಯಲ್ಲಿ ಅಕ್ಕಿ ಕುದಿಯುವಾಗ ಅದರ ಹಳೆಯ ಸಂಚಿಕೆಗಳನ್ನು ಓದಿದ್ದೇನೆ. ಜರ್ನಲ್‌ಗಳ ಹಳೆಯ ಸಂಚಿಕೆಗಳನ್ನು ಕೂಡಿಟ್ಟಿರುವ ಜೆಸ್ಟೋರ್ ಜಾಲತಾಣದಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗಳಿವೆ. ಲೈಬ್ರರಿ ಲಾಗಿನ್ ಇಲ್ಲದವರೂ ಜೆಸ್ಟೋರ್‌ನಲ್ಲಿ ಸ್ವಂತ ಹೆಸರಲ್ಲಿ ಖಾತೆ ತೆರೆದು ತಿಂಗಳಿಗೆ 100 ಲೇಖನ ಸುಮ್ನೆ ಆನ್‌ಲೈನಲ್ಲಿ ಓದಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಆದರೆ ಹುಡುಕುವುದನ್ನು ಕಲಿಯಬೇಕು. ನಾನು ಮೊದಲ ದಿನ ಇಂಗ್ಲಿಷಿನಲ್ಲಿ 'ಟ್ಯಾಂಕ್' ಅಂತ ಹಾಕಿದೆ. ಬಂದದ್ದೆಲ್ಲ ಯುದ್ಧದ ಟ್ಯಾಂಕು. ಬ್ರಿಟಿಷರು ನಮ್ಮ ಕೆರೆಗೆ ಟ್ಯಾಂಕ್ ಅಂದರು, ಆ ಹೆಸರೇ ನಿಂತುಬಿಟ್ಟಿದೆ. 'ಟ್ಯಾಂಕ್ ಇರಿಗೇಶನ್' ಅಂತ ಎರಡು ಪದವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ ಮೈಸೂರು ಅಂತ ಸೇರಿಸಿದ ಮೇಲೆ ದಾರಿಗೆ ಬಂತು. ಶಾಸನದ ಪದಗಳ ಕಷ್ಟ ಬೇರೆ ಥರದ್ದು. ಕೆರೆ ಕಟ್ಟಿಸಿದವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲಿಗೆ ಬಿತ್ತುವಟ್ಟ ಅಂತಾರೆ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬರು ಕೊನೆಯ 'ಟಿ' ಒಂದು ಸಲ ಹಾಕುತ್ತಾರೆ, ಇನ್ನೊಬ್ಬರು ಎರಡು ಸಲ. ಮತ್ತೊಬ್ಬರು ಅದರ ಕೆಳಗೆ ಚುಕ್ಕೆ ಇಡುತ್ತಾರೆ. ಒಂದು ರೂಪ ಹಾಕಿದರೆ ಇನ್ನೊಂದು ಸಿಗದೇ ಹೋಗಬಹುದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಎಲ್ಲ ಕಾಗುಣಿತ ಬರೆದಿಟ್ಟುಕೊಂಡು ಒಂದೊಂದಾಗಿ ಹುಡುಕಿದೆ. ಬೇಜಾರಿನ ಕೆಲಸವೇ. ಆದರೆ ನನ್ನ ಮೂರನೇ ಅಧ್ಯಾಯದ ಅರ್ಧ ಆ ನೋಟ್‌ಬುಕ್ಕಿನಿಂದಲೇ ಬಂತು.

ಶೋಧಗಂಗಾದ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ. ಇದಕ್ಕೆ ಲಾಗಿನ್ನೂ ಬೇಡ, ಹಣವೂ ಬೇಡ. 2009ರಲ್ಲಿ ಯುಜಿಸಿ ನಿಯಮ ಬಂದ ಮೇಲೆ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಇಲ್ಲಿಗೆ ಬರುತ್ತಿವೆ. ಈಗ 5 ಲಕ್ಷಕ್ಕೂ ಜಾಸ್ತಿ ಇವೆ. ಒಂದೊಂದು ಅಧ್ಯಾಯ ಒಂದೊಂದು ಫೈಲು. ಮೊದಲು ಗ್ರಂಥಋಣದ ಫೈಲು ತೆರೆದು ನೋಡಿ. ಬೇರೆಯವರು ಏನೇನು ಓದಿದ್ದಾರೆ ಅಂತ ಅಲ್ಲೇ ತಿಳಿಯುತ್ತದೆ. ನನಗೆ ಗೊತ್ತೇ ಇಲ್ಲದ ಎರಡು ಕನ್ನಡ ಪುಸ್ತಕ ಹಾಗೆ ಸಿಕ್ಕವು. ಕನ್ನಡದಲ್ಲಿ ಬರೆದ ಪ್ರಬಂಧಗಳ ಶೀರ್ಷಿಕೆ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಅಲ್ಲಿಯೂ ಅದೇ ಕಾಗುಣಿತದ ನೋಟ್‌ಬುಕ್ ಬೇಕು. ಯೂನಿಕೋಡ್‌ಗೆ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಒಳಗಿನ ಪದ ಹುಡುಕಲು ಆಗುವುದೇ ಇಲ್ಲ. ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪುಟ ಪುಟ ಓದಬೇಕು, ಬೇರೆ ದಾರಿಯಿಲ್ಲ. ಈಗ ಪ್ರಬಂಧ ಬರೆಯುತ್ತಿರುವವರಿಗೆ ನನ್ನ ಕಳಕಳಿಯ ವಿನಂತಿ: ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನಿಮ್ಮ ನಾಲ್ಕೈದು ವರ್ಷದ ದುಡಿಮೆ ಮುಂದಿನವರಿಗೆ ಸಿಗಬೇಕು ಅಲ್ವಾ?

ಇನ್ನು ನಿಜವಾದ ಲೈಬ್ರರಿ, ಕಪಾಟುಗಳಿರುವ ಲೈಬ್ರರಿ. ಕನ್ನಡದ ವಿಷಯಕ್ಕೆ ಕೆಲಸ ಮಾಡುವವರಿಗೆ ಇದನ್ನು ಬಿಟ್ಟು ನಡೆಯುವುದಿಲ್ಲ. ಒಂದು ಸಲ ಏನಾಯಿತು ಅಂದರೆ, ಹಳೆಯ ಲೇಖನವೊಂದರಲ್ಲಿ 'ಇ.ಸಿ., ಬಿಎಲ್' ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಕೊಟ್ಟಿದ್ದರು. ಎಪಿಗ್ರಾಫಿಯ ಕರ್ನಾಟಿಕ (ನಮ್ಮ ನಾಡಿನ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳ ಮಾಲೆ), ಬೇಲೂರು ತಾಲೂಕಿನ ಶಾಸನ ಅಂತ ಅರ್ಥ. ನಾನು 9ನೇ ಸಂಪುಟ ಇಟ್ಟುಕೊಂಡು ಒಂದು ಗಂಟೆ ಹುಡುಕಿದೆ. ಆ ಸಂಖ್ಯೆಯಲ್ಲಿ ಇದ್ದದ್ದು ಬೇರೆಯೇ ಶಾಸನ. ರೆಫರೆನ್ಸ್ ವಿಭಾಗದ ಹಿರಿಯರೊಬ್ಬರು ಬಂದು ನನ್ನ ಚೀಟಿ ನೋಡಿದರು. "ಮೇಡಂ, ಇದು ರೈಸ್ ನಂಬರು. ನೀವು ಹೊಸ ಸಂಪುಟದಲ್ಲಿ ಹುಡುಕ್ತಿದ್ದೀರಿ" ಅಂದರು. ಬಿ.ಎಲ್. ರೈಸ್ 1902ರಲ್ಲಿ ತಂದ ಹಾಸನ ಜಿಲ್ಲೆಯ ಸಂಪುಟ 5ನೆಯದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಮುದ್ರಣದಲ್ಲಿ ಬೇಲೂರು 9ಕ್ಕೆ ಹೋಗಿದೆ, ಶಾಸನಗಳ ಸಂಖ್ಯೆಯೂ ಬದಲಾಗಿದೆ. ಅವರು ಎರಡೂ ಸಂಪುಟ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹಳೆಯ ಸಂಖ್ಯೆಯಿಂದ ಹೊಸದಕ್ಕೆ ಹೋಗುವುದು ಹೇಗೆ ಅಂತ ಬೆರಳಿಟ್ಟು ತೋರಿಸಿದರು. ಹತ್ತು ನಿಮಿಷದ ಪಾಠ. ಅದು ತಿಳಿಯದೇ ಹೋಗಿದ್ದರೆ ನನ್ನ ಅಡಿಟಿಪ್ಪಣಿಗಳು ಎಷ್ಟು ತಪ್ಪಾಗುತ್ತಿದ್ದವೋ. ರೈಸ್ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಆದರೆ ಹೀಗೆ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಅಲ್ಲಿ ಸಿಗುವುದಿಲ್ಲ.

ಇನ್ನೊಂದು ಲೇಖನ ನಮ್ಮಲ್ಲಿ ಇರಲಿಲ್ಲ. ಅದನ್ನೂ ಅವರೇ, ಲೈಬ್ರರಿಗಳು ತಮ್ಮತಮ್ಮಲ್ಲಿ ಪುಸ್ತಕ, ಲೇಖನ ಹಂಚಿಕೊಳ್ಳುವ ದೆಹಲಿಯ ಡೆಲ್‌ನೆಟ್ ಜಾಲದ ಮೂಲಕ ತರಿಸಿಕೊಟ್ಟರು. ಕೇಳಿದರೆ ಮಾಡುತ್ತಾರೆ. ಕೇಳಬೇಕು.

ಆ ಒಂದು ಅಂಕದ ವಿಷಯ. ಮೂರನೇ ವರ್ಷ ಜುಲೈನಲ್ಲಿ ನನ್ನ ಲಾಗಿನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ವರ್ಷದ ಫೀಸು ಕಟ್ಟಿದ್ದೆ. ರಸೀದಿ ಒಂದು ವಿಭಾಗದಿಂದ ಇನ್ನೊಂದಕ್ಕೆ ತಲುಪಿರಲಿಲ್ಲ. ಪ್ರಗತಿ ವರದಿ ಕೊಡಲು ಹದಿನೈದು ದಿನ ಇತ್ತು. ಇಮೇಲ್‌ಗೆ ಉತ್ತರ ಇಲ್ಲ, ಫೋನ್ ಮಾಡಿದರೆ 'ಐಟಿಯವರನ್ನು ಕೇಳಿ' ಅಂತ. ಕೊನೆಗೆ ರಜೆ ಹಾಕಿ, ರಸೀದಿಯ ಜೆರಾಕ್ಸ್ ಹಿಡಿದು ಹೋದೆ. ಐದು ನಿಮಿಷದಲ್ಲಿ ಸರಿಯಾಯಿತು! ಅಷ್ಟರಲ್ಲಿ ಮೂರು ವಾರ ಹೋಗಿ, ವರದಿಯ ಗಡುವೂ ದಾಟಿತ್ತು. ದೂರದಿಂದ ಓದುವವರನ್ನು ಹೀಗೆ ಓಡಾಡಿಸಬಾರದು. ನವೀಕರಣ ಆನ್‌ಲೈನಲ್ಲೇ ಆಗಬೇಕು ಅಂತ ಲೈಬ್ರರಿ ಸಮಿತಿಗೆ ಬರೆದುಕೊಟ್ಟಿದ್ದೇನೆ.

2025ರ ಜನವರಿಯಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸೇಜ್, ವೈಲಿ, ಎಲ್ಸೆವಿಯರ್, ಟೇಲರ್ ಅಂಡ್ ಫ್ರಾನ್ಸಿಸ್ ಎಲ್ಲ ಇವೆ. ನಾನು ಕೆಲಸ ಮಾಡುವ ಚಿಕ್ಕ ಕಾಲೇಜಿನಲ್ಲಿಯೂ ಈಗ ತೆರೆಯುತ್ತವೆ. ಮೊದಲ ದಿನ ಬಿಎ ಅಂತಿಮ ವರ್ಷದ ಹುಡುಗಿಯೊಬ್ಬಳಿಗೆ ತೋರಿಸಿದೆ. "ಇದಕ್ಕೆ ದುಡ್ಡು ಕಟ್ಟಬೇಕಾ ಮೇಡಂ?" ಅಂತ ಎರಡು ಸಲ ಕೇಳಿದಳು. ಬೇಡಮ್ಮಾ ಅಂದೆ. ಅವಳು ಸಂಜೆ ಐದರವರೆಗೆ ಕಂಪ್ಯೂಟರ್ ಬಿಟ್ಟು ಏಳಲಿಲ್ಲ.

ನನ್ನ ವೈವಾ ಮುಗಿದಿದೆ. ಮುಂದಿನ ತಿಂಗಳು ವಿಶ್ವವಿದ್ಯಾಲಯದ ಲಾಗಿನ್ ನಿಲ್ಲುತ್ತದೆ. ಜರ್ನಲ್‌ಗಳಿಗೆ ಕಾಲೇಜು ಇದೆ. ಪರಿಷ್ಕೃತ ಸಂಪುಟಗಳಿಗೆ ಮಾತ್ರ ಅಲ್ಲಿಗೇ ಹೋಗಬೇಕು. ಠೇವಣಿ ಕಟ್ಟಿ ಹೊರಗಿನವರ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದೇನೆ.