ದಂತವೈದ್ಯಕೀಯಕ್ಕೆ ಶಿಕ್ಷಣ ಸಾಲ: ಹಲ್ಲು ಎಣಿಸಿ ಕೊಳ್ಳಬೇಕಾದ ಸರಕು

ಶಿಕ್ಷಣ ಸಾಲವನ್ನು ಯಾರೂ ಸರಕು ಅಂತ ನೋಡುವುದಿಲ್ಲ. ಸೀಟು ಸಿಕ್ಕ ಖುಷಿಯಲ್ಲಿ ಸಹಿ ಬಿದ್ದುಬಿಡುತ್ತದೆ. ಫೋನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರೂ ಸಾಲಪತ್ರದ ಎರಡನೇ ಪುಟ ತಿರುವುವುದಿಲ್ಲ. ದಂತವೈದ್ಯಕೀಯದ ಮಟ್ಟಿಗೆ ಈ ಸರಕು ಕೆಟ್ಟದ್ದೇನಲ್ಲ. ಆದರೆ ಹೊರಗೆ ಅಂಟಿಸಿದ ಬೆಲೆಗೂ ಕೊನೆಗೆ ತೆರುವ ಬೆಲೆಗೂ ಇರುವ ಅಂತರ ದೊಡ್ಡದು.

ಲೆಕ್ಕ ಸುಲಭವಾಗಲೆಂದು ಒಟ್ಟು ಸಾಲ 100 ಎಂದಿಟ್ಟುಕೊಳ್ಳಿ. ಐದು ವರ್ಷದ ಕೋರ್ಸು, ಪ್ರತಿ ವರ್ಷದ ಆರಂಭದಲ್ಲಿ 20ರಂತೆ ಬಿಡುಗಡೆ, ಬಡ್ಡಿ ಶೇ 10, ಓದು ಮುಗಿದ ಮೇಲೆ ಕಂತಿಲ್ಲದ ಒಂದು ವರ್ಷ. ಕಂತಿಲ್ಲ ಅಂದರೆ ಬಡ್ಡಿಯೂ ಇಲ್ಲ ಅಂದುಕೊಳ್ಳುವವರೇ ಹೆಚ್ಚು. ಬಡ್ಡಿ ಸಾಲದ ಮೊದಲ 20 ಬಿಡುಗಡೆಯಾದ ದಿನದಿಂದಲೇ ಓಡುತ್ತಿರುತ್ತದೆ. ಆರು ವರ್ಷಕ್ಕೆ ಸರಳ ಬಡ್ಡಿಯಾದರೆ ಬಾಕಿ 140. ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುವ ಚಕ್ರಬಡ್ಡಿಯಾದರೆ ಸುಮಾರು 148. ಈ 148ನ್ನು ಹತ್ತು ವರ್ಷಕ್ಕೆ ಹಂಚಿದರೆ ಇಎಂಐ, ಅಂದರೆ ತಿಂಗಳ ಸಮಾನ ಕಂತು, 1.95. ಮೊದಲ ಕಂತಿನಲ್ಲಿ 1.23 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಜಮೆಯಾಗುವುದು 0.72. ಮುಗಿಯುವ ಹೊತ್ತಿಗೆ ಕಟ್ಟಿದ್ದು 234. ಹದಿನೈದು ವರ್ಷಕ್ಕೆ ಎಳೆದರೆ ಕಂತು 1.59ಕ್ಕೆ ಇಳಿದು ಮನಸ್ಸಿಗೆ ಹಿತವೆನಿಸುತ್ತದೆ, ಒಟ್ಟು ಮಾತ್ರ 286ಕ್ಕೆ ಏರುತ್ತದೆ.

ಈ ಸರಕಿನ ಅತ್ಯುತ್ತಮ ಗುಣ ಯಾವ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಬರುವುದಿಲ್ಲ: ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋಗುವ ಅವಕಾಶ. ಮೊದಲ ವರ್ಷ 2, ಎರಡನೇ ವರ್ಷ 4, ಹೀಗೆ ಆರು ವರ್ಷದಲ್ಲಿ 40 ಕಟ್ಟಿದರೆ ಬಾಕಿ 100ರಲ್ಲೇ ನಿಲ್ಲುತ್ತದೆ, ಕಂತು 1.32. ಎಲ್ಲ ಸೇರಿ ಸುಮಾರು 199, ಅಂದರೆ 35ರಷ್ಟು ಉಳಿತಾಯ. ಮನೆಯವರಿಗೆ ಶಕ್ತಿ ಇದ್ದರೆ ಇದನ್ನು ಬಿಡಬಾರದು. ಕಟ್ಟಿದ್ದು ಆಯಾ ತಿಂಗಳ ಬಡ್ಡಿಗೇ ಜಮೆಯಾಗಿದೆಯೇ ಎಂದು ಸ್ಟೇಟ್‌ಮೆಂಟ್ ನೋಡುತ್ತಿರಿ.

ದೋಷಗಳಿಗೆ ಬರೋಣ. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಆಗಾಗ ಬದಲಾಗುವ, ಸಾಲದಲ್ಲಿ ದರ ಏರಿದಾಗ ಕಂತು ಹೆಚ್ಚಿಸದೆ ಅವಧಿ ಉದ್ದ ಮಾಡುವುದು ಮಾಮೂಲು ಪದ್ಧತಿ. ಮೇಲಿನ ಸಾಲದಲ್ಲಿ ಇಎಂಐ ಶುರುವಾಗುವ ಹೊತ್ತಿಗೆ ದರ ಶೇ 12 ಆಗಿ, ಕಂತು 1.95ರಲ್ಲೇ ಉಳಿದರೆ 120 ತಿಂಗಳ ಸಾಲ 142 ತಿಂಗಳಾಗುತ್ತದೆ. ಖಾತೆಯಿಂದ ಹೋಗುವ ಮೊತ್ತ ಬದಲಾಗದ ಕಾರಣ ಸಾಲಗಾರನ ಗಮನಕ್ಕೆ ಬಾರದೆ ಹೋಗಬಹುದು. ಸಾಲದ ಜೊತೆ ಅಂಟಿಸುವ ವಿಮೆಯೂ ಅಷ್ಟೆ: ಪ್ರೀಮಿಯಂ ಅಸಲಿಗೆ ಸೇರಿದರೆ ಅದಕ್ಕೂ ಬಡ್ಡಿ. ಬರೀ ಜೀವವಿಮೆಯಾದರೆ ಸಾವಿಗೆ ಮಾತ್ರ ಹಣ ಬರುತ್ತದೆ. ದಂತವೈದ್ಯನ ನಿಜವಾದ ಅಪಾಯ ಮಣಿಕಟ್ಟು, ಕುತ್ತಿಗೆ, ಬೆನ್ನು. ಬಾಗಿ ಕೂತು ಮಾಡುವ ಕೆಲಸ. ಕೈ ನಡುಗಿದರೆ ಆದಾಯ ನಿಂತಿತು. ಅಂಗವೈಕಲ್ಯಕ್ಕೆ ರಕ್ಷಣೆ ಕೊಡುವ ಪಾಲಿಸಿಯನ್ನು ಬೇರೆಯಾಗಿ, ವಯಸ್ಸು ಚಿಕ್ಕದಿರುವಾಗಲೇ ಕೊಳ್ಳುವುದು ಮೇಲು.

ಇನ್ನೊಂದು ಕೊರತೆ ಅಂದಾಜು ಪಟ್ಟಿಯದು. ಬೋಧನಾ ಶುಲ್ಕ, ಹಾಸ್ಟೆಲ್ ಬರೆದು ಅರ್ಜಿ ಕೊಟ್ಟುಬಿಡುತ್ತಾರೆ. ಟೈಪೊಡಾಂಟ್ (ಅಭ್ಯಾಸದ ಕೃತಕ ದವಡೆ), ಆರ್ಟಿಕ್ಯುಲೇಟರ್ (ದವಡೆಯ ಚಲನೆ ಅನುಕರಿಸುವ ಸಾಧನ), ಮೇಣದ ಕೆಲಸದ ಸಾಮಾನು, ಬರ್‌ಗಳು (ಹಲ್ಲು ಕೊರೆಯುವ ಮೊನೆಗಳು), ಅವನ್ನು ತಿರುಗಿಸುವ ಏರೋಟರ್, ಪರೀಕ್ಷಾ ಶುಲ್ಕ, ಕೊನೆಗೆ ನೋಂದಣಿ, ಇವೆಲ್ಲ ಕೈಯಿಂದ ಹೋಗುತ್ತವೆ. ಕೈಯಲ್ಲಿಲ್ಲದಾಗ ದುಬಾರಿ ಬಡ್ಡಿಯ ಕಾರ್ಡಿನಿಂದ. ಹಿರಿಯ ವಿದ್ಯಾರ್ಥಿಗಳ ಹತ್ತಿರ ವರ್ಷವಾರು ಪಟ್ಟಿ ತೆಗೆದುಕೊಂಡು ಮಂಜೂರಾತಿಗೆ ಮೊದಲೇ ಸೇರಿಸಿ. ಏರೋಟರ್ ಒಂದನ್ನು ಜೋಪಾನ ಮಾಡುವುದೂ ಹಣಕಾಸಿನ ವಿಷಯವೇ. ನಿಮಿಷಕ್ಕೆ ಮೂರ್ನಾಲ್ಕು ಲಕ್ಷ ಸುತ್ತು ತಿರುಗುವ ಯಂತ್ರವದು. ಎಣ್ಣೆ ಬಿಡದೆ ಹಬೆಯಿಂದ ಉಪಕರಣಗಳ ರೋಗಾಣು ಕೊಲ್ಲುವ 134 ಡಿಗ್ರಿಯ ಆಟೋಕ್ಲೇವ್‌ಗೆ ಹಾಕುತ್ತಾ ಹೋದರೆ ಬೇರಿಂಗ್ ಕಿರುಗುಟ್ಟಲು ಶುರುವಾಗಿ ಒಳಗೆ ತಿರುಗುವ ಭಾಗವನ್ನೇ (ಕಾರ್ಟ್ರಿಜ್) ಬದಲಿಸಬೇಕಾಗುತ್ತದೆ.

ಸಾಲದ ಎದುರು ತೂಗಬೇಕಾದದ್ದು ಆದಾಯ. ಇಲ್ಲಿ ಬಾಯಿಮಾತಿನ ಅಂಕಿಗಳು ಬಹಳ ಮೋಸ ಮಾಡುತ್ತವೆ. ಕ್ಲಿನಿಕ್ಕಿನ ಕಲೆಕ್ಷನ್ ಬೇರೆ, ವೈದ್ಯರ ಕೈಗೆ ಉಳಿಯುವುದು ಬೇರೆ. ಬಾಡಿಗೆ, ಸಹಾಯಕರ ಸಂಬಳ, ಲ್ಯಾಬ್, ಸಾಮಗ್ರಿ, ಕರೆಂಟು, ತ್ಯಾಜ್ಯ ವಿಲೇವಾರಿ ಎಲ್ಲ ಕಳೆದರೆ ಅರ್ಧಕ್ಕಿಂತ ಕಡಿಮೆ ಉಳಿಯುವುದು ಸಾಮಾನ್ಯ. ಹೊಸಬರು ಬೇರೊಬ್ಬರ ಕ್ಲಿನಿಕ್ಕಿನಲ್ಲಿ ಪಾಲಿನ ಮೇಲೆ ಕೆಲಸಕ್ಕೆ ಸೇರುವಾಗ ಒಂದೇ ಸಾಲಿನ ಷರತ್ತು ಆದಾಯವನ್ನು ಅಡಿಮೇಲು ಮಾಡುತ್ತದೆ. ಹಲ್ಲಿನ ಮೇಲೆ ಕೂರಿಸುವ ಒಂದು ಕ್ಯಾಪಿನ ಶುಲ್ಕ 100, ಅದನ್ನು ಮಾಡಿಕೊಡುವ ಲ್ಯಾಬ್ ಖರ್ಚು 20, ನಿಮ್ಮ ಪಾಲು ಶೇ 40 ಎನ್ನಿ. ಲ್ಯಾಬ್ ಖರ್ಚನ್ನು ಮೊದಲೇ ಕಳೆದರೆ ನಿಮಗೆ 32. ಅರ್ಧರ್ಧ ಹಂಚಿಕೊಂಡರೆ 30. ಪೂರ್ತಿ ನಿಮ್ಮ ಪಾಲಿನಿಂದಲೇ ಹಿಡಿದರೆ 20. ಮೂರಕ್ಕೂ ಒಪ್ಪಂದದಲ್ಲಿ 'ಶೇ 40' ಅಂತಲೇ ಬರೆದಿರುತ್ತದೆ! ಪಾಲು ಮಾಡಿದ ಕೆಲಸದ ಮೇಲೋ, ರೋಗಿ ಹಣ ಕೊಟ್ಟ ಮೇಲೋ ಎಂಬುದನ್ನೂ ಬರೆಸಿಕೊಳ್ಳಿ.

ಮತ್ತೆ ಮಾಡಬೇಕಾದ ಕೆಲಸದ ಖರ್ಚು ಯಾರದು ಎಂಬುದು ಮುಂದಿನ ಪ್ರಶ್ನೆ. ಹಲ್ಲು ಸವೆಸಿ ಅಳತೆ ತೆಗೆಯುವಾಗ ಒಸಡಿನಿಂದ ರಕ್ತವೋ ತೇವವೋ ಅಂಚಿಗೆ ಬಂದರೆ ಅಳತೆಯಲ್ಲಿ ಆ ಗೆರೆ ಮಸುಕಾಗುತ್ತದೆ. ಲ್ಯಾಬಿನವರು ಅಂಚನ್ನು ಊಹಿಸಿ ಕ್ಯಾಪ್ ಮಾಡುತ್ತಾರೆ, ಕೂರಿಸುವಾಗ ಸಂದು ಉಳಿಯುತ್ತದೆ, ಹಲ್ಲು ತಡವಿ ನೋಡುವ ಚೂಪು ಸಾಧನದ (ಎಕ್ಸ್‌ಪ್ಲೋರರ್) ತುದಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೇ ಅಂಟಿಸಿದರೆ ಅಡಿಯಲ್ಲಿ ಹುಳುಕು. ಮತ್ತೆ ಮಾಡಿಸಿದರೆ ಎರಡನೇ ಲ್ಯಾಬ್ ಬಿಲ್ಲು, ಜೊತೆಗೆ ಕುರ್ಚಿಯ ಇನ್ನೊಂದು ಸರದಿ. ಒಸಡು ಸರಿಸುವ ದಾರ ಇಡಲು ಕೆಲವು ನಿಮಿಷ ಸಾಕು. ಕೈ ಪಳಗುವವರೆಗೆ ಇಂಥ ಮರುಕೆಲಸ ಇದ್ದೇ ಇರುತ್ತದೆ, ಮೊದಲೆರಡು ವರ್ಷದ ಆದಾಯವನ್ನು ಅಂದಾಜಿಸುವಾಗ ಅದಕ್ಕೂ ಜಾಗ ಬಿಡಬೇಕು.

ಹಾಗಾದರೆ ಎಷ್ಟು ಸಾಲ ತಡೆದೀತು? ಕಂತು ಕೈಗೆ ಬರುವ ಆದಾಯದ ಕಾಲುಭಾಗ ಮೀರಬಾರದು ಎಂಬುದು ನಮ್ಮ ಅಳತೆಗೋಲು. 1.95 ಕಂತಿಗೆ ತಿಂಗಳಿಗೆ 7.8, ವರ್ಷಕ್ಕೆ ಸುಮಾರು 94 ಬೇಕು. ಸರಳವಾಗಿ ಹೇಳಿದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷದ ನಿವ್ವಳ ಗಳಿಕೆ ಪಡೆದ ಅಸಲಿಗೆ ಹತ್ತಿರ ಇರಬೇಕು. ಅದರ ಅರ್ಧದಷ್ಟೇ ಸಿಗುವ ನಿರೀಕ್ಷೆ ಇದ್ದರೆ ಕಂತೇ ಅರ್ಧ ಆದಾಯ ನುಂಗುತ್ತದೆ. ಅಂಥ ಸಾಲ ಬೇಡ, ಶುಲ್ಕ ಕಡಿಮೆ ಇರುವ ಸೀಟಿಗೆ ಇನ್ನೊಂದು ವರ್ಷ ಕಾಯುವುದೇ ಲಾಭ. ಸಮೀಕ್ಷೆಗಳ ಸರಾಸರಿ ಆದಾಯ ನೋಡಿ ಲೆಕ್ಕ ಹಾಕಬೇಡಿ, ಅದರಲ್ಲಿ ಇಪ್ಪತ್ತು ವರ್ಷ ಹಳಬರ ಕ್ಲಿನಿಕ್ಕುಗಳೂ ಸೇರಿರುತ್ತವೆ. ಹೊಸದಾಗಿ ಸೇರಿದವರ ಗಳಿಕೆ ಕೇಳಿ.

ವೃತ್ತಿ ಕೊಡುವ ಪ್ರತಿಫಲವನ್ನು ಕಡೆಗಣಿಸುವಂತಿಲ್ಲ. ನಡುರಾತ್ರಿಯ ಕರೆ ಅಪರೂಪ, ಕೆಲಸದ ಗಂಟೆ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ, ಸ್ವಂತ ಕ್ಲಿನಿಕ್ ಕಟ್ಟುವ ದಾರಿ ಬೇರೆಷ್ಟೋ ವೈದ್ಯಕೀಯ ಶಾಖೆಗಳಿಗಿಂತ ಚಿಕ್ಕದು. ರಾತ್ರಿಯಿಡೀ ನಿದ್ದೆಗೆಟ್ಟು ಬಂದವರು ರೂಟ್ ಕೆನಾಲ್‌ನ ಮೊದಲ ಸರದಿ ಮುಗಿಸಿ ದವಡೆ ಹಿಡಿಯದೆ ಎದ್ದು ಹೋಗುವುದು ಯಾವ ಲೆಕ್ಕಕ್ಕೂ ಸಿಗದ ಸಂಪಾದನೆ.

ಸ್ವಂತ ಕ್ಲಿನಿಕ್ ಎಂದರೆ ಎರಡನೇ ಸಾಲ. ಕುರ್ಚಿ, ಕಂಪ್ರೆಸರ್, ಸಕ್ಷನ್, ಆಟೋಕ್ಲೇವ್, ಎಕ್ಸ್‌ರೇ, ಅದರ ಚಿತ್ರ ಹಿಡಿಯಲು ಬಾಯೊಳಗೆ ಇಡುವ ಡಿಜಿಟಲ್ ಸೆನ್ಸರ್. ಸೆನ್ಸರ್ ಕೆಡುವುದು ಹೆಚ್ಚಾಗಿ ಕೇಬಲ್ಲಿನ ಕತ್ತಿನಲ್ಲಿ: ರೋಗಿ ಕಚ್ಚಿದಾಗ, ಎಳೆದು ಸುತ್ತಿಟ್ಟಾಗ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬಸಿಯದಿದ್ದರೆ ತೇವ ಏರೋಟರ್‌ಗೂ ಹೋಗುತ್ತದೆ. ಎರಡೂ ಸಾಲದ ಕಂತು, ಬಾಡಿಗೆ ಸೇರಿಸಿ ಆರು ತಿಂಗಳಿಗೆ ಆಗುವಷ್ಟು ಹಣ ಕೈಯಲ್ಲಿಲ್ಲದೆ ಬೋರ್ಡು ಹಾಕಬಾರದು. ಸ್ನಾತಕೋತ್ತರ ಓದಿಗೆಂದು ಕಂತು ಮೂರು ವರ್ಷ ಮುಂದೂಡಿದರೆ 148 ಇದ್ದದ್ದು 197 ಆಗುತ್ತದೆ, ಕಂತು 2.60. ಹೊಸ ಸಾಲ ಅದರ ಮೇಲೆ.

ಹತ್ತು ವರ್ಷದ ಸಾಲದಲ್ಲಿ ಕಂತು ಶುರುವಾದ ಎರಡನೇ ವರ್ಷದ ಕೊನೆಗೆ ಕೈಯಲ್ಲಿ 10 ಸೇರಿ ಮುಂಗಡ ಕಟ್ಟುವುದಾದರೆ, ಕಂತು ಹಾಗೇ ಇಟ್ಟು ಅವಧಿ ಇಳಿಸಿ ಎಂದು ಬರೆದು ಕೊಡಿ. ಹಾಗೆ ಮಾಡಿದರೆ ಸುಮಾರು 11 ತಿಂಗಳ ಕಂತು ತಪ್ಪಿ, ಕಟ್ಟಿದ 10 ಕಳೆದೂ 11ರಷ್ಟು ಉಳಿಯುತ್ತದೆ. ಕಂತು ಇಳಿಸಿಕೊಂಡರೆ ಉಳಿಯುವುದು 4.6 ಮಾತ್ರ.