ದೇವರಿಗೆ ಹೇಳಿದರೆ ಸಾಕಾ, ನೋಯಿಸಿದವರಿಗೂ ಹೇಳಬೇಕಾ?

ತಪ್ಪನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕು ಅಂತ ಕೇಳಿದ್ದೀರಿ. ಸುಲಭ ಅಂದರೆ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವುದು. ಒಪ್ಪಿಕೊಂಡರೆ ಕ್ಷಮೆ ಇದೆ ಅಂತ ಬೈಬಲ್‌ನ 1 ಯೋಹಾನ 1:9 ಹೇಳುತ್ತದೆ. ಮನಸ್ಸಿನಲ್ಲೇ ಉಳಿದ ಹೊಟ್ಟೆಕಿಚ್ಚಿಗೆ ಇಷ್ಟು ಸಾಕು. ಸುಮ್ನೆ ಹೋಗಿ ಹೇಳಿದರೆ ಅವರಿಗೆ ನೋವೇ ಜಾಸ್ತಿ.

ಆದರೆ ಕ್ಷಮೆ ಸಿಕ್ಕ ಮಾತ್ರಕ್ಕೆ ಪರಿಣಾಮ ಅಳಿಯುವುದಿಲ್ಲ, ಅಲ್ವಾ? ಬೈಬಲ್‌ನ ರಾಜ ದಾವೀದ ಇನ್ನೊಬ್ಬನ ಹೆಂಡತಿಯ ಜೊತೆ ತಪ್ಪು ಮಾಡಿ ಅವಳ ಗಂಡನನ್ನು ಕೊಲ್ಲಿಸಿದ್ದ. ಪ್ರವಾದಿ ನಾತಾನನ ಮುಂದೆ ಒಪ್ಪಿಕೊಂಡ, ಕ್ಷಮೆಯೂ ಸಿಕ್ಕಿತು, ಆದರೂ ಅವಳಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ, ಮುಂದೆ ಮಗನೇ ತಿರುಗಿಬಿದ್ದ. ನನ್ನನ್ನು ತುಂಬ ಕಾಡುವ ಕಥೆ ಇದು.

ಹಾಗಾಗಿ ಯಾರದೋ ಹಣ ತಿಂದಿದ್ದರೆ, ಸುಳ್ಳು ಹೇಳಿ ಹೆಸರು ಕೆಡಿಸಿದ್ದರೆ, ಅವರ ಬಾಗಿಲು ತಟ್ಟಲೇಬೇಕು. ಇದು ದುಬಾರಿ. ಬೈಬಲ್‌ನಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ 4 ಪಟ್ಟು ವಾಪಸ್ ಕೊಡುತ್ತೇನೆ ಅಂದ. ಆದರೆ ಮುರಿದ ಸಂಬಂಧ ಕೂಡುವುದು, ಕೂಡಿದ್ದು ಬಾಳುವುದು ಹೀಗೆಯೇ.

ಅದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ ನಂಬುವ ಪಾಸ್ಟರ್ ಅಥವಾ ಫಾದರ್ ಹತ್ತಿರವೂ ಕೂತು ಮಾತಾಡಿ.