ವೈಟ್ ಟ್ಯಾಂಕ್: ಒಂದು ನಲ್ಲಿಯೂ ಇಲ್ಲದ ಜಾಗದಲ್ಲಿ ಎರಡು ರಾತ್ರಿ

ಮಕ್ಕಳು ಅಮೆರಿಕದಲ್ಲಿದ್ದಾರೆ ಅಂತ ಆರು ತಿಂಗಳು ಹೋಗಿ ಬರುವ ಅಪ್ಪ ಅಮ್ಮಂದಿರು ಈಗ ಮಂಡ್ಯ, ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಲಾಸ್ ಏಂಜಲಿಸ್ ಕಡೆ ಇದ್ದರೆ ಎರಡು ದಿನ ರಜೆ ಹಾಕಿಸಿ, ಮರಳುಗಾಡಿನಲ್ಲಿರುವ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಲು ಹೇಳಿ. ಮೂರು ಗಂಟೆ ದಾರಿ. ಅಲ್ಲಿ ವೈಟ್ ಟ್ಯಾಂಕ್ ಅನ್ನುವ ಚಿಕ್ಕ ಕ್ಯಾಂಪ್‌ಗ್ರೌಂಡ್ ಇದೆ. ಅಲ್ಲೇ ಟೆಂಟ್ ಹಾಕಿ.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಗದ್ದೆ ಬಯಲಿನಲ್ಲಿ. ವಿ.ಸಿ. ನಾಲೆ ನಮ್ಮ ಮನೆಯಿಂದ ಕೂಗಳತೆ. ಮರಳು ಅಂತ ನೋಡಿದ್ದು ತಲಕಾಡಿನದು ಮಾತ್ರ, ಅಲ್ಲೂ ಮರಳು ದಾಟಿದರೆ ಕಾವೇರಿ ಸಿಗುತ್ತಾಳೆ. ಹಾಗಾಗಿ ಟ್ಯಾಂಕ್ ಅಂದ ಕೂಡಲೇ ಕೆರೆ ಇರಬೇಕು ಅಂದುಕೊಂಡೆ. ಹಿಂದೆ ಆ ಕಡೆ ದನ ಸಾಕುತ್ತಿದ್ದವರು ಬಂಡೆಗಳ ನಡುವೆ ಮಳೆನೀರು ನಿಲ್ಲಲಿ ಅಂತ ಕಟ್ಟೆ ಕಟ್ಟಿಕೊಂಡಿದ್ದರಂತೆ. ಅಂಥ ಜಾಗಕ್ಕೆ ಅವರು ಟ್ಯಾಂಕ್ ಅನ್ನುತ್ತಾರೆ. ಈಗ ಕ್ಯಾಂಪಿನಲ್ಲಿ ಕುಡಿಯಲು ಒಂದು ತೊಟ್ಟು ನೀರು ಸಿಗುವುದಿಲ್ಲ. ನಲ್ಲಿ ಇಲ್ಲ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇರುವುದು ಗುಂಡಿ ಕಕ್ಕಸು, ಒಂದು ಮೇಜು, ಬೆಂಕಿ ಹಾಕಲು ಒಂದು ಜಾಗ.

ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರಿನಷ್ಟು ನೀರು ತನ್ನಿ ಅಂತ ಪಾರ್ಕಿನವರು ಹೇಳುತ್ತಾರೆ. ನಮ್ಮ ಅಳಿಯ 20 ಲೀಟರಿನ ಎರಡು ಕ್ಯಾನ್ ತುಂಬಿಸಿ ತಂದಿದ್ದರು. ನಾಲ್ಕು ಜನ, ಎರಡು ರಾತ್ರಿ, 40 ಲೀಟರ್. ಊರಲ್ಲಿ ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕುವುದಕ್ಕೇ ಒಂದು ಬಿಂದಿಗೆ ಖರ್ಚು ಮಾಡುವ ನನ್ನ ಹೆಂಡತಿ, ಅಲ್ಲಿ ಲೋಟದ ಲೆಕ್ಕದಲ್ಲಿ ಅಡುಗೆ ಮಾಡಿದಳು. ಮಾಡಿದ್ದೇನು ಗೊತ್ತಾ? ಮುದ್ದೆ, ಉಪ್ಸಾರು. ಹುರುಳಿಕಾಳು ಬೇಯಿಸಿದ ನೀರೇ ಸಾರು, ಕಾಳೇ ಪಲ್ಯ, ಚೆಲ್ಲುವುದು ಏನೂ ಇಲ್ಲ. ಗಾಳಿಗೆ ಸ್ಟವ್ ಆರಿ ಹೋಗುತ್ತಿತ್ತು. ಒಂದು ದೊಡ್ಡ ಬಂಡೆಯ ಮರೆಗೆ ಸ್ಟವ್ ಇಟ್ಟು, ಪಾತ್ರೆಯನ್ನು ನಾನು ಹಿಡಿದುಕೊಂಡೆ, ಅವಳು ಕೋಲು ಹಾಕಿ ತಿರುವಿದಳು. ತಟ್ಟೆಗಳನ್ನು ಕಾಗದದಲ್ಲಿ ಒರೆಸಿಟ್ಟೆವು. ಆ ಊಟದ ರುಚಿ ಈಗಲೂ ನಾಲಿಗೆಯಲ್ಲಿದೆ.

ಟೆಂಟ್ ಹಾಕಲು ಇರುವುದು 15 ಜಾಗ ಅಷ್ಟೇ. ಬುಕಿಂಗ್ ಇಲ್ಲ, ಮೊದಲು ಹೋದವರಿಗೆ ಮೊದಲು. ನಾವು ನವೆಂಬರ್ ಕೊನೆಯಲ್ಲಿ, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಹೋಗಿದ್ದರಿಂದ ಸಿಕ್ಕಿತು. ಶನಿವಾರ, ಭಾನುವಾರ ನಂಬಿಕೊಂಡು ಹೋಗಬೇಡಿ. ಪಾರ್ಕಿನ ಒಳಗೆ ಹೋಗಲು ನಮ್ಮ ಕಾರಿಗೆ 30 ಡಾಲರ್ ಆಯಿತು, ಏಳು ದಿನ ನಡೆಯುತ್ತದೆ. ಕ್ಯಾಂಪಿಗೆ ಬೇರೆ ದುಡ್ಡು.

ಚಳಿಯ ಬಗ್ಗೆ ಹೇಳಲೇಬೇಕು. ಮರಳುಗಾಡು ಅಂದರೆ ಬಿಸಿ ಅಂತ ತಾನೇ ನಾವು ತಿಳಿದಿರುವುದು? ಈ ಜಾಗ 3,800 ಅಡಿ ಎತ್ತರದಲ್ಲಿದೆ, ನಮ್ಮ ಚಾಮುಂಡಿ ಬೆಟ್ಟದ ತುದಿಗಿಂತ ಜಾಸ್ತಿ. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿದ. ಅರ್ಧ ಗಂಟೆಯಲ್ಲಿ ಕೈ ಬೆರಳು ಮರಗಟ್ಟಿದವು. ಒಂದು ಅಂಗಡಿಯಲ್ಲಿ ಹೊಸದಾಗಿ ಕೊಂಡಿದ್ದ ಸ್ಲೀಪಿಂಗ್ ಬ್ಯಾಗಿನ ಜಿಪ್ ಮೊದಲ ರಾತ್ರಿಯೇ ಕಿತ್ತುಹೋಯಿತು. ಮಗಳ ಮನೆಯಿಂದ ತಂದಿದ್ದ ಊರಿನ ಕಂಬಳಿ ಕಾಪಾಡಿತು. ವಯಸ್ಸಾದವರು ಟೋಪಿ, ಕಾಲುಚೀಲ, ದಪ್ಪ ಕಂಬಳಿ ಇಲ್ಲದೆ ಹೋಗಲೇಬೇಡಿ. ಬೇಸಿಗೆಯಲ್ಲಂತೂ 38 ಡಿಗ್ರಿ ದಾಟುತ್ತದೆ, ಆಗ ಆ ಕಡೆ ತಲೆ ಹಾಕುವುದೇ ಬೇಡ.

ಸೌದೆ ಹೊರಗಿನಿಂದಲೇ ಕೊಂಡೊಯ್ಯಬೇಕು. ಬಂಡೆ ಪಕ್ಕ ಒಣ ಪುಳ್ಳೆ ಬಿದ್ದಿತ್ತು, ನನ್ನ ಹೆಂಡತಿ ಅಭ್ಯಾಸಬಲದಿಂದ ಆರಿಸಲು ಬಗ್ಗಿದಳು. "ಅಮ್ಮ, ಬೇಡ, ಇಲ್ಲಿ ಒಂದು ಕಡ್ಡಿ ಕೂಡ ಮುಟ್ಟಂಗಿಲ್ಲ" ಅಂದಳು ಮಗಳು. ಹಲ್ಲಿ, ಹುಳುಗಳಿಗೆ ಆ ಪುಳ್ಳೆಯೇ ಮನೆ. ಒಳ್ಳೆಯ ನಿಯಮ. ಪಾರ್ಕಿಗೆ ಹೆಸರು ಕೊಟ್ಟ ಜೋಶುವಾ ಮರ ನಮ್ಮ ಬದುಗಳಲ್ಲಿ ಬೆಳೆಯುವ ಕತ್ತಾಳೆಯ ನೆಂಟ. ಎಲೆ ನೋಡಿದರೆ ಗೊತ್ತಾಗುತ್ತದೆ, ಅದೇ ಮುಳ್ಳಿನ ಮೊನೆ.

ಮಾರನೆ ದಿನ ಅಲ್ಲಿಂದ ಮುಂದೆ ಚೋಯಾ ಅನ್ನುವ ಕಳ್ಳಿಗಳ ತೋಟ ನೋಡಲು ಹೋದೆವು. ದೂರದಿಂದ ರೇಷ್ಮೆಯ ಹಾಗೆ ಹೊಳೆಯುತ್ತವೆ. ನೆಲಕ್ಕೆ ಬಿದ್ದಿದ್ದ ಒಂದು ತುಂಡು ಮಗಳ ಶೂಗೆ ಅಂಟಿಕೊಂಡಿತು, ನಿಂಬೆಹಣ್ಣಿನ ಗಾತ್ರ, ಮೈಯೆಲ್ಲ ಮುಳ್ಳು. ಕೈಯಲ್ಲಿ ಕೀಳಲು ಹೋದರೆ ಕೈಗೇ ಕಚ್ಚಿಕೊಳ್ಳುತ್ತದೆ. ಅಳಿಯ ಬಾಚಣಿಗೆಯ ಹಲ್ಲನ್ನು ಅದರ ಬುಡಕ್ಕೆ ತೂರಿಸಿ ಒಂದೇ ಸಲ ಎಗರಿಸಿದರು. ಬಾಚಣಿಗೆ ಜೇಬಿನಲ್ಲಿರಲಿ.

ಇನ್ನು ರಾತ್ರಿ. ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದು ಅನ್ನುವುದು ನಿಯಮ, ಆದರೆ ಎಂಟಕ್ಕೇ ಎಲ್ಲರ ದೀಪ ಆರಿತ್ತು. ನಮ್ಮೂರಿನ ರಾತ್ರಿಗೆ ಕಪ್ಪೆ ಇದೆ, ಜೀರುಂಡೆ ಇದೆ, ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇದೆ. ಅಲ್ಲಿ ಏನೂ ಇಲ್ಲ. ಗಾಳಿ ನಿಂತಾಗ ಪಕ್ಕದಲ್ಲಿ ಕೂತವಳ ಉಸಿರು ಕೇಳಿಸಿತು. ನಡುವೆ ಒಮ್ಮೆ ಕಯೋಟಿಗಳು ನಮ್ಮ ಗುಳ್ಳೆನರಿಗಳ ಹಾಗೆ ಊಳಿಟ್ಟು ಸುಮ್ಮನಾದವು. ದೀಪಾವಳಿ ಕಳೆದು ತಿಂಗಳಾಗಿತ್ತು, ಮತ್ತೆ ಅಮಾವಾಸ್ಯೆ. 2017ರಲ್ಲಿ ಈ ಪಾರ್ಕಿಗೆ ಕತ್ತಲೆ ಆಕಾಶದ ತಾಣ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ, ಅದು ಯಾಕೆ ಅಂತ ತಲೆ ಎತ್ತಿದರೆ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಕಣದಲ್ಲಿ ಹುಲ್ಲಿನ ಮೇಲೆ ಮಲಗಿ ಅಜ್ಜಿ ತೋರಿಸಿದ್ದ ಕೃತ್ತಿಕೆಯನ್ನು ಅಷ್ಟು ಚೆನ್ನಾಗಿ ಮತ್ತೆ ನೋಡಿದ್ದು ಅಲ್ಲೇ. ಆರು ಚುಕ್ಕಿ ಎಣಿಸಿದೆ. ಮಂಡ್ಯದಲ್ಲಿ ಈಗ ಅದು ಬರೀ ಮಬ್ಬು ಅಲ್ವಾ?

ಮೂರನೇ ದಿನ ಹೊರಡುವಾಗ ಕ್ಯಾನಿನಲ್ಲಿ ಐದಾರು ಲೀಟರ್ ಉಳಿದಿತ್ತು. ಆಗಷ್ಟೇ ಬಂದಿಳಿದ ಇಬ್ಬರು ಹುಡುಗರು ನಲ್ಲಿ ಎಲ್ಲಿದೆ ಅಂತ ಕೇಳಿದರು. ಅಳಿಯ ಕ್ಯಾನನ್ನೇ ಅವರ ಮೇಜಿನ ಮೇಲಿಟ್ಟು ಬಂದರು.